ಕಡಿಮೆ ಖರ್ಚಿನಲ್ಲಿ ಬೋನ್ಸಾಯ್: ದಾವಣಗೆರೆ–ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೋನ್ಸಾಯ್ ಅಂದರೆ ಮರವನ್ನು ಕುಂಡದಲ್ಲಿ ಪುಟ್ಟದಾಗಿ ಸಾಕುವುದು. ಅದರ ಬಗ್ಗೆ ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಉಳಿಸಿಕೊಂಡಿದ್ದೇವೆ. ಹೊಸಬರ ಪ್ರಶ್ನೆಗಳು ಮೊದಲು, ಕೈ ಪಳಗಿದವರದು ಕೊನೆಗೆ.

## ಈಗಷ್ಟೇ ಶುರು ಮಾಡುವವರಿಗೆ

ಬೋನ್ಸಾಯ್ ಅಂದ್ರೆ ಸಾವಿರಾರು ರೂಪಾಯಿ ಬೇಕಲ್ವಾ? ನಮ್ಮಂಥೋರಿಗೆ ಆಗುತ್ತಾ?

ಆಗುತ್ತದೆ. ಸಿದ್ಧ ಬೋನ್ಸಾಯ್ ದುಬಾರಿ ಯಾಕೆಂದರೆ ಅದನ್ನು ಯಾರೋ ಹತ್ತು ವರ್ಷ ಸಾಕಿದ್ದಾರೆ. ನೀವು ಕೊಡುವುದು ಆ ವರ್ಷಗಳ ಕೂಲಿ. ನೀವೇ ಸಾಕಿದರೆ ಆ ಕೂಲಿ ಉಳಿಯಿತು. ಮೊದಲ ವರ್ಷ ದುಡ್ಡು ಕೊಟ್ಟು ತರಲೇಬೇಕಾದ ವಸ್ತು ನಾಲ್ಕೇ: ಹರಿತವಾದ ಒಂದು ಸಿಕೇಚರ್ (ಕೊಂಬೆ ಸವರುವ ಕತ್ತರಿ), ಕೊಂಬೆ ಬಾಗಿಸಲು ಸ್ವಲ್ಪ ಅಲ್ಯೂಮಿನಿಯಂ ತಂತಿ, ಎರಡು ಜರಡಿ, ಒಂದು ಬಾಟಲಿ ಬೇವಿನ ಎಣ್ಣೆ. ಬೋನ್ಸಾಯ್ ಕುಂಡಕ್ಕೆ ಮೊದಲ ಎರಡು ಮೂರು ವರ್ಷ ಒಂದು ರೂಪಾಯಿಯನ್ನೂ ಹಾಕಬೇಡಿ. ಹೊಸಬರ ದುಡ್ಡು ಹೆಚ್ಚಾಗಿ ಹಾಳಾಗುವುದು ಅಲ್ಲೇ. ಗಿಡ ನೋಡುವಂತಾಗಲು ನಾಲ್ಕರಿಂದ ಆರು ವರ್ಷ ಹಿಡಿಯುತ್ತದೆ, ಅಷ್ಟು ಕಾಯಲು ಮನಸ್ಸಿದ್ದರೆ ಸಾಕು.

ಒಟ್ಟಿಗೆ ಎಷ್ಟು ಗಿಡ ಇಟ್ಕೊಳ್ಳಬೇಕು?

ಐದಾರು ಸಾಕು. ಎಷ್ಟು ಗಿಡ ಎಂಬುದನ್ನು ನಮ್ಮ ಕಡೆ ತೀರ್ಮಾನಿಸುವುದು ಜೇಬಲ್ಲ, ಏಪ್ರಿಲ್–ಮೇ ತಿಂಗಳ ನೀರು. ಹತ್ತು ಇಂಚಿನ ಕುಂಡ ಒಂದು ಸಲಕ್ಕೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಅಂದರೆ ಆರು ಗಿಡಕ್ಕೆ ಹನ್ನೆರಡು ಲೀಟರ್. ಮಹಡಿಯ ಮೇಲೆ ನಲ್ಲಿ ಇಲ್ಲದವರು ಅಷ್ಟನ್ನೂ ಬಕೆಟಿನಲ್ಲಿ ಹೊರಬೇಕು. ಮಳೆಗಾಲದ ಹುರುಪಿನಲ್ಲಿ ಇಪ್ಪತ್ತೈದು ಗಿಡ ಕೂಡಿಸಿದವರ ಬಳಿ ಮುಂದಿನ ಯುಗಾದಿ ದಾಟಿದ ಮೇಲೆ ಉಳಿಯುವುದೂ ಐದಾರೇ.

ನಮ್ಮ ಬಿಸಿಲಿಗೆ ಯಾವ ಗಿಡ ತಡೆಯುತ್ತೆ?

ಆಲದ ಜಾತಿಯವು ಮೊದಲ ಆಯ್ಕೆ. ಅದರಲ್ಲೂ ನರ್ಸರಿಯವರು ಬರೀ ‘ಫೈಕಸ್’ ಎಂದು ಮಾರುವ ಸಣ್ಣೆಲೆಯ ಗಿಡ ಮತ್ತು ಬಸರಿ. ಬೇರು ಕತ್ತರಿಸಿದರೂ ಬದುಕುತ್ತವೆ, ಕಾಂಡ ಮೊಟಕು ಮಾಡಿದರೂ ಚಿಗುರುತ್ತವೆ, ಒಂದು ದಿನ ನೀರು ತಪ್ಪಿದರೆ ಕ್ಷಮಿಸುತ್ತವೆ. ಆಲದ ಎಲೆ ದೊಡ್ಡದು, ಹಾಗಾಗಿ ಒಂದೂವರೆ ಅಡಿಗಿಂತ ಕಡಿಮೆ ಎತ್ತರದಲ್ಲಿ ಚೆನ್ನಾಗಿ ಕಾಣದು.

ಕಾಗದದ ಹೂವಿನ ಗಿಡಕ್ಕೆ ನಮ್ಮ ಬಿಸಿಲು ಎಂದರೆ ಹಬ್ಬ. ಹೆಬ್ಬೆರಳು ಗಾತ್ರದ ತುಂಡು ನೆಟ್ಟರೂ ಬೇರು ಬಿಡುತ್ತದೆ. ಹುಣಸೆಯ ಎಲೆ ಹುಟ್ಟಿನಿಂದಲೇ ಸಣ್ಣದು, ತೊಗಟೆಗೆ ಬೇಗ ಮುದಿಕಳೆ ಬರುತ್ತದೆ, ಬೀಜ ಅಡುಗೆಮನೆಯಲ್ಲೇ ಇದೆ. ಆದರೆ ಕಾಂಡ ದಪ್ಪವಾಗುವುದು ಬಲು ನಿಧಾನ. ದಾಳಿಂಬೆ, ಬೇಲಿಯ ಸೀಮೆಹುಣಸೆ, ಕವಳೆ ಇವೂ ಒಗ್ಗುತ್ತವೆ. ನೀರು ಹಾಕಲು ಮರೆಯುವವರಿಗೆ ಜೇಡ್. ಅಂಗಡಿಯಲ್ಲಿ ಆ ಹೆಸರಿಗೆ ಎರಡು ಬೇರೆ ಗಿಡ ಸಿಗುತ್ತವೆ. ಬೆರಳಿನುಗುರಿಗಿಂತ ಚಿಕ್ಕ ಎಲೆ, ಕೆಂಪು ಕಂದು ಕಡ್ಡಿ ಇರುವುದನ್ನು ಆರಿಸಿ. ದಪ್ಪ ದೊಡ್ಡ ಎಲೆಯದ್ದರಲ್ಲಿ ಸಣ್ಣ ಕೊಂಬೆಗಳು ಒತ್ತಾಗಿ ಬರುವುದಿಲ್ಲ.

ಮೇಪಲ್, ಪೈನ್, ಜುನಿಪರ್ ಬೀಜ ಆನ್‌ಲೈನಲ್ಲಿ ಸಿಗ್ತಾವಲ್ಲ?

ಬೇಡ. ಮೇಪಲ್, ಪೈನ್ ಚಳಿಗಾಲದಲ್ಲಿ ತಿಂಗಳುಗಟ್ಟಲೆ ತಣ್ಣಗೆ ಮಲಗಬೇಕಾದ ಮರಗಳು. ನಮ್ಮ ಡಿಸೆಂಬರಿನ ಬೆಳಗಿನ ಚಳಿ ಅವುಗಳ ಲೆಕ್ಕಕ್ಕೇ ಬರದು. ಜುನಿಪರ್ ತೀರಿಕೊಂಡ ಮೇಲೂ ವಾರಗಟ್ಟಲೆ ಹಸಿರಾಗಿಯೇ ಕಾಣುವುದರಿಂದ ತಪ್ಪು ಎಲ್ಲಾಯಿತೆಂದು ತಿಳಿಯುವುದೂ ಕಷ್ಟ. ನೀಲಿ ಎಲೆಯ ಮೇಪಲ್ ಎಂಬ ಬೀಜವಂತೂ ಶುದ್ಧ ಮೋಸ.

ಬಿಟ್ಟಿ ಗಿಡ ಎಲ್ಲಿ ಸಿಗುತ್ತೆ ಸರ್?

ನಿಮ್ಮ ಬೀದಿಯಲ್ಲೇ. ಹಕ್ಕಿ ಹಿಕ್ಕೆಯಿಂದ ಹುಟ್ಟಿದ ಅರಳಿ, ಬಸರಿ, ಆಲದ ಸಸಿಗಳು ಪ್ಯಾರಪೆಟ್ ಬಿರುಕಿನಲ್ಲಿ, ನೀರಿನ ಟ್ಯಾಂಕಿನ ಕೆಳಗೆ, ಮೋರಿ ಅಂಚಿನಲ್ಲಿ ಇರುತ್ತವೆ. ಮನೆಯವರನ್ನು ಕೇಳಿದರೆ ಪುಣ್ಯ ಬರಲಿ, ಒಯ್ಯಿ ಎನ್ನುತ್ತಾರೆ, ಏಕೆಂದರೆ ಅದು ಗೋಡೆ ಒಡೆಯುವ ಗಿಡ. ಹಿಂದಿನ ರಾತ್ರಿ ಬಿರುಕಿಗೆ ನೀರು ಹೊಯ್ದು ನೆನೆಸಿ, ಸಣ್ಣ ಉಳಿಯಿಂದ ಗಾರೆ ಬಿಡಿಸಿ, ಬೇರನ್ನು ಎಳೆಯದೆ ತೆಗೆಯಿರಿ. ಎಲೆಗಳಲ್ಲಿ ಮುಕ್ಕಾಲು ಪಾಲು ಕತ್ತರಿಸಿ ನೆಟ್ಟು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮುಚ್ಚಿ ಮೂರು ವಾರ ನೆರಳಿನಲ್ಲಿಡಿ.

ಮಳೆಗಾಲಕ್ಕೆ ಮುಂಚೆ ವಿದ್ಯುತ್ ತಂತಿಗೆ ತಾಗುವ ಕೊಂಬೆ ಕಡಿಯುತ್ತಾರೆ. ಅಲ್ಲಿ ಬಿದ್ದ ಆಲ, ಬಸರಿ, ಫೈಕಸಿನ ಮಣಿಕಟ್ಟು ಗಾತ್ರದ ಗೂಟಗಳು ಬೇರು ಬಿಡುತ್ತವೆ. ಕಾಂಪೌಂಡಿನ ಕಾಗದದ ಹೂವಿನ ಬಳ್ಳಿ ಸವರಿದಾಗಲೂ ಅಷ್ಟೆ. ಹೊಸದುರ್ಗ, ಹಿರಿಯೂರು ಕಡೆ ದಾಳಿಂಬೆ ತೋಟ ಸವರುವಾಗ ಪೆನ್ಸಿಲ್ ದಪ್ಪದ, ಒಂದು ಗೇಣುದ್ದದ ಕಡ್ಡಿ ಕೇಳಿ ತನ್ನಿ. ಎಲೆ ಅಥವಾ ಕಾಯಿಯ ಮೇಲೆ ಎಣ್ಣೆ ಹಚ್ಚಿದಂಥ ಕಪ್ಪು ಚುಕ್ಕೆ ಇದ್ದ ತೋಟದ್ದು ಮಾತ್ರ ಬೇಡ. ಅದು ದುಂಡಾಣು ಅಂಗಮಾರಿ, ಕಡ್ಡಿಯ ಜೊತೆಗೇ ಬರುತ್ತದೆ.

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮುಂಗಾರಿನ ಹೊತ್ತಿಗೆ ಸಸಿಗಳು ರಿಯಾಯಿತಿ ದರಕ್ಕೆ ಸಿಗುತ್ತವೆ. ಉದ್ದನೆಯ ನೆಟ್ಟನೆ ಸಸಿ ಬಿಟ್ಟು ಬುಡ ದಪ್ಪಗಿರುವ, ಸೊಟ್ಟಗೆ ಬೆಳೆದು ಯಾರೂ ಮುಟ್ಟದ ಸಸಿ ಕೇಳಿ.

ಕೋಟೆ ಗೋಡೆ ಮೇಲೆ, ಜೋಗಿಮಟ್ಟಿಲಿ ಒಳ್ಳೊಳ್ಳೆ ಗಿಡ ಇದಾವೆ. ಕಿತ್ಕೊಂಡು ಬರಬಹುದಾ?

ಕೂಡದು. ಚಿತ್ರದುರ್ಗದ ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಜೋಗಿಮಟ್ಟಿ ವನ್ಯಜೀವಿ ಧಾಮ. ಗಿಡ ಕೀಳುವುದು ಎರಡೂ ಕಡೆ ಅಪರಾಧ. ಇಷ್ಟಕ್ಕೂ ಕಲ್ಲಿನ ಸಂದಿಯ ಬೇರು ಆಳಕ್ಕೆ ಹೋಗಿರುತ್ತದೆ. ತುಂಡಾದ ಬೇರಿನ ಗಿಡ ಮನೆಗೆ ತಂದರೂ ಹೆಚ್ಚಾಗಿ ಉಳಿಯದು. ನೋಡಿ ಕಲಿಯಲು ಮಾತ್ರ ಕೋಟೆಗಿಂತ ಒಳ್ಳೆಯ ಶಾಲೆ ಇಲ್ಲ: ಬಂಡೆ ತಬ್ಬಿದ ಬೇರು ಎಲ್ಲಿ ಕವಲೊಡೆದಿದೆ, ಗಾಳಿಗೆ ಮರ ಯಾವ ಕಡೆ ಬಾಗಿದೆ ಎಂದು ಫೋಟೊ ತೆಗೆದುಕೊಳ್ಳಿ.

ಅರಳಿ ಗಿಡ ಮನೇಲಿ ಇಡಬಾರ್ದು ಅಂತಾರೆ ನಮ್ಮಜ್ಜಿ. ಏನ್ಮಾಡ್ಲಿ?

ಅಜ್ಜಿಯ ಜೊತೆ ಜಗಳ ಬೇಡ, ಬಸರಿ ಇಡಿ. ಕಲಿಯುವುದಕ್ಕೆ ಅರಳಿಗಿಂತ ಅದೇ ಸುಲಭ.

ಟೀಪಾಯ್ ಮೇಲೆ ಇಡೋಕೆ ತಾನೇ ಬೋನ್ಸಾಯ್?

ನೆಂಟರು ಬಂದಾಗ ಒಂದೆರಡು ದಿನ ಇಡಬಹುದು. ಉಳಿದಂತೆ ಅದು ಹೊರಗಿನ ಮರ, ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು.

## ಮಣ್ಣು, ಕುಂಡ, ನೀರು

ಆನ್‌ಲೈನ್ ಬೋನ್ಸಾಯ್ ಮಣ್ಣು ಕೇಜಿಗೆ ಇಷ್ಟೊಂದು ರೇಟು. ಮನೇಲೇ ಮಾಡ್ಕೊಬಹುದಾ?

ಮನೆಯಲ್ಲೇ ಮಾಡುವುದು ಒಳ್ಳೆಯದು. ಕಟ್ಟಡ ಕೆಲಸ ನಡೆಯುವಲ್ಲಿ ಒಡೆದ ಇಟ್ಟಿಗೆ ಕೇಳಿ ತನ್ನಿ. ಸಿಮೆಂಟ್ ಅಂಟಿದ್ದನ್ನು ಬಿಡಿ. ಗೋಣಿಚೀಲದೊಳಗೆ ಹಾಕಿ ಸುತ್ತಿಗೆಯಿಂದ ಕುಟ್ಟಿ. ಮೊದಲು ದೊಡ್ಡ ಕಣ್ಣಿನ ಜರಡಿ, ಆಮೇಲೆ ರವೆ ಜರಡಿ. ನಡುವೆ ಉಳಿಯುವ, ಜೋಳದ ಕಾಳಿನಿಂದ ಕಡಲೆಕಾಳಿನವರೆಗಿನ ಚೂರು ನಮಗೆ ಬೇಕಾದದ್ದು. ಕೆಳಗೆ ಬಿದ್ದ ಕೆಂಪು ಪುಡಿಯನ್ನು ಎಸೆಯಿರಿ. ಅದು ನೀರಿನ ಜೊತೆ ಇಳಿದು ಕುಂಡದ ತಳದಲ್ಲಿ ಗಟ್ಟಿ ಪದರವಾಗಿ ಕೂತು ಬೇರು ಕೊಳೆಸುತ್ತದೆ.

ಆಲದ ಜಾತಿಗೆ ಅಳತೆ: ಇಟ್ಟಿಗೆ ಚೂರು ಐದು ಬಟ್ಟಲು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಮೂರು, ತೊಳೆದ ದಪ್ಪ ಮರಳು ಎರಡು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಜೇಡ್, ಅಡೇನಿಯಂಗೆ (ದಪ್ಪ ಬುಡದ ಹೂಗಿಡ) ಗೊಬ್ಬರ ಒಂದೇ ಬಟ್ಟಲು ಸಾಕು, ಉಳಿದದ್ದು ಇಟ್ಟಿಗೆ, ಮರಳು. ಹುಣಸೆ, ದಾಳಿಂಬೆಗೆ ಒಂದು ಬಟ್ಟಲು ಜರಡಿ ಹಿಡಿದ ಕೆಮ್ಮಣ್ಣು ಸೇರಿಸಬಹುದು.

ದಾವಣಗೆರೆಯವರಿಗೆ ಇನ್ನೊಂದು ಅನುಕೂಲ ಇದೆ. ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿ ಬಳಿ ಸುಟ್ಟ ಭತ್ತದ ಹೊಟ್ಟು ಸಿಗುತ್ತದೆ. ಆಕಾರ ಕೆಡದ ಕಪ್ಪು ಹೊಟ್ಟನ್ನು ಮಾತ್ರ ಆರಿಸಿ, ಎರಡು ಸಲ ತೊಳೆದು, ಹತ್ತಕ್ಕೆ ಒಂದು ಪಾಲು ಬೆರೆಸಿದರೆ ಮಣ್ಣು ಹಗುರಾಗುತ್ತದೆ. ಬೆಳ್ಳಗಾದ ಬೂದಿ ಬೇಡ. ಅದು ಕ್ಷಾರ, ನೀರು ಬಸಿಯುವ ದಾರಿಯನ್ನೂ ಕಟ್ಟುತ್ತದೆ.

ನಮ್ಮ ಹೊಲದ ಎರೆಮಣ್ಣು ಫಲವತ್ತಾಗಿದೆ, ಅದನ್ನೇ ಹಾಕಿದ್ರೆ?

ಹೊಲದಲ್ಲಿ ಫಲವತ್ತು, ಕುಂಡದಲ್ಲಿ ಅಪಾಯ. ನೆನೆದಾಗ ಉಬ್ಬಿ ಗಾಳಿ ಕಟ್ಟುತ್ತದೆ, ಒಣಗಿದಾಗ ಬಿರುಕು ಬಿಟ್ಟು ಎಳೆಬೇರು ಹರಿಯುತ್ತದೆ.

ಕುಂಡ ಕೊಳ್ಳದೆ ಯಾವುದರಲ್ಲಿ ಬೆಳೆಸಲಿ?

ಅಗಲ ಹೆಚ್ಚು, ಆಳ ಐದಾರು ಇಂಚು ಇರುವ ಏನಾದರೂ ಸರಿ: ಓರೆಯಾದ ಪ್ಲಾಸ್ಟಿಕ್ ಟಬ್, ತರಕಾರಿ ತೊಳೆಯುವ ತೂತುಬುಟ್ಟಿ, ಒಳಗೆ ಶೇಡ್ ನೆಟ್ ಹಾಸಿದ ಟೊಮೆಟೊ ಕ್ರೇಟ್. ತೂತುಬುಟ್ಟಿ ಎಲ್ಲಕ್ಕಿಂತ ಒಳ್ಳೆಯದು. ಅಂಚಿಗೆ ಬಂದ ಬೇರಿನ ತುದಿ ಗಾಳಿಗೆ ಒಣಗಿ ಹಿಂದಿನಿಂದ ಕವಲೊಡೆಯುವುದರಿಂದ ಬೇರು ಸುತ್ತಿಕೊಳ್ಳದು. ಬೇಸಿಗೆಯಲ್ಲಿ ಬೇಗ ಒಣಗುತ್ತದೆ ಎಂಬುದು ಅದರ ದೋಷ. ಆಗ ಬುಟ್ಟಿಯನ್ನು ಇನ್ನೊಂದು ಟಬ್ಬಿನೊಳಗೆ ಕೂರಿಸಿ. ಟಬ್ಬಿನ ತಳಕ್ಕೆ ಹೆಬ್ಬೆರಳು ಗಾತ್ರದ ನಾಲ್ಕು ತೂತು, ಮೇಲೆ ಸೊಳ್ಳೆಪರದೆಯ ತುಂಡು. ತಳಕ್ಕೆ ಜಲ್ಲಿ ತುಂಬಿದರೆ ಮಣ್ಣಿನ ಆಳ ಕಡಿಮೆಯಾಗುತ್ತದೆ, ಬೇರೆ ಲಾಭ ಇಲ್ಲ.

ಗಿಡ ತಯಾರಾದ ಮೇಲೆ ಕುಂಬಾರರಿಗೆ ಅಳತೆ ಕೊಟ್ಟು ಎರಡೂವರೆ ಇಂಚು ಆಳದ ಸುಟ್ಟ ಮಣ್ಣಿನ ತಟ್ಟೆ ಮಾಡಿಸಿ. ತೂತನ್ನು ಹಸಿ ಇದ್ದಾಗಲೇ ಹಾಕಲು ಹೇಳಿ, ಸುಟ್ಟ ಮೇಲೆ ಕೊರೆದರೆ ಒಡೆಯುತ್ತದೆ.

ದಿನಾ ನೀರು ಹಾಕಬೇಕಾ? ಎಷ್ಟು?

ಗಡಿಯಾರ ನೋಡಿ ಹಾಕಬೇಡಿ. ಊದುಬತ್ತಿ ಕಡ್ಡಿಯೊಂದನ್ನು ಎರಡು ಇಂಚು ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಒದ್ದೆ ಇದ್ದರೆ ಬೇಡ, ಬರೀ ತಣ್ಣಗಿದ್ದರೆ ಹಾಕಿ. ಹಾಕಿದಾಗ ತಳದಿಂದ ಹರಿಯುವವರೆಗೆ, ಐದು ನಿಮಿಷ ಬಿಟ್ಟು ಇನ್ನೊಮ್ಮೆ. ಮೇಲ್ಮಣ್ಣು ಮಾತ್ರ ನೆನೆಸಿದರೆ ಬೇರು ಮೇಲೇ ಉಳಿಯುತ್ತದೆ, ಒಂದು ಬಿಸಿ ಮಧ್ಯಾಹ್ನಕ್ಕೆ ಮುಗಿಯಿತು.

ಮಾರ್ಚ್ ನಡುವಿನಿಂದ ಮೇ ಕೊನೆವರೆಗೆ ಶೇಕಡಾ 50ರ ಶೇಡ್ ನೆಟ್ ಕಟ್ಟಿ. ಗಿಡ ಸಾಯಿಸುವುದು ಹೆಚ್ಚಾಗಿ ಮೇಲಿನ ಬಿಸಿಲಲ್ಲ, ಕಾದ ಆರ್‌ಸಿಸಿ. ಕುಂಡಗಳನ್ನು ಇಟ್ಟಿಗೆಯ ಮೇಲೋ ಹಲಗೆಯ ಮೇಲೋ ಒಂದಡಿ ಎತ್ತರಿಸಿ. ಆಷಾಢದ ಗಾಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲವಲ್ಲ. ಮೋಡ ಮುಚ್ಚಿದ್ದರೂ ಆ ಗಾಳಿಗೆ ಕುಂಡ ಅರ್ಧ ದಿನದಲ್ಲಿ ಒಣಗುತ್ತದೆ, ಉರುಳಿಯೂ ಬೀಳುತ್ತದೆ. ಗಿಡವನ್ನು ಕುಂಡಕ್ಕೆ, ಕುಂಡವನ್ನು ಹಲಗೆಗೆ ಬೈಂಡಿಂಗ್ ವೈರಿನಿಂದ ಬಿಗಿಯಿರಿ.

ಬೋರ್ ನೀರು ಹಾಕ್ತೀವಿ. ಕುಂಡದ ಅಂಚಿಗೆ ಬಿಳಿ ಕಟ್ತಿದೆ, ಎಲೆ ಹಳದಿ, ನರ ಮಾತ್ರ ಹಸಿರು. ಯಾಕೆ?

ಗಡಸು ನೀರು. ಬಿಳಿ ಬಣ್ಣ ಸುಣ್ಣದ ಲವಣ. ಮಣ್ಣು ಕ್ಷಾರವಾದಾಗ ಕಬ್ಬಿಣ ಇದ್ದರೂ ಬೇರು ಹೀರಲಾರದು, ಹೊಸ ಎಲೆ ಹಳದಿಯಾಗುತ್ತದೆ. ಲೀಟರ್ ನೀರಿಗೆ ಎರಡು ಗ್ರಾಂ ಫೆರಸ್ ಸಲ್ಫೇಟ್, ಅರ್ಧ ಹೋಳು ನಿಂಬೆರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ನಿಂಬೆ ಹಾಕದಿದ್ದರೆ ಗಡಸು ನೀರಿನಲ್ಲಿ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರುತ್ತದೆ. ಕಾಯಂ ಪರಿಹಾರ ಮಳೆನೀರು. ಮಹಡಿ ಪೈಪಿಗೆ ಒಂದು ಡ್ರಮ್ ಇಟ್ಟರೂ ಸಾಕು. ಎ.ಸಿ.ಯಿಂದ ಹನಿಯುವ ನೀರು ಹಾಕಬಹುದು. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಮಾತ್ರ ಬೇಡವೇ ಬೇಡ, ಅದರಲ್ಲಿ ಲವಣ ಬೋರ್ ನೀರಿಗಿಂತಲೂ ಹೆಚ್ಚು.

ಜಾತ್ರೆಗೆ ನಾಲ್ಕು ದಿನ ಊರಿಗೆ ಹೋದ್ರೆ?

ಕುಂಡಗಳನ್ನು ನೆರಳಿಗೆ ತಂದು, ಒದ್ದೆ ಮರಳು ತುಂಬಿದ ಅಗಲ ಟಬ್ಬಿನಲ್ಲಿ ಎರಡು ಇಂಚು ಹೂತು, ಸುತ್ತ ನೆನೆದ ಗೋಣಿಚೀಲ ಹೊದಿಸಿ. ಏಪ್ರಿಲಿನಲ್ಲಿ ಇದು ಮೂರು ದಿನಕ್ಕೆ ಮಾತ್ರ. ನಾಲ್ಕನೆಯ ದಿನಕ್ಕೆ ಪಕ್ಕದ ಮನೆಯವರಿಗೆ ಬೀಗದ ಕೈ ಕೊಡಿ.

ಗೊಬ್ಬರಕ್ಕೆ ಏನು ಹಾಕ್ಬೇಕು?

ಚಳ್ಳಕೆರೆಯ ಎಣ್ಣೆ ಗಿರಣಿಗಳು ಇರುವಾಗ ಬೇರೆ ಯಾಕೆ? ನೂರು ಗ್ರಾಂ ಕಡಲೆಕಾಯಿ ಹಿಂಡಿಯನ್ನು ಲೀಟರ್ ನೀರಿನಲ್ಲಿ ನಾಲ್ಕು ದಿನ ಮುಚ್ಚಿ ನೆನೆಸಿ, ಸೋಸಿ, ಹತ್ತು ಪಟ್ಟು ನೀರು ಬೆರೆಸಿ. ತೆಳು ಚಹಾದ ಬಣ್ಣ ಬರಬೇಕು. ಹದಿನೈದು ದಿನಕ್ಕೊಮ್ಮೆ, ಒದ್ದೆ ಮಣ್ಣಿಗೆ ಮಾತ್ರ. ಒಣ ಹಿಂಡಿಯನ್ನು ಮೇಲೆ ಉದುರಿಸಿದರೆ ಇಲಿ, ಇರುವೆ ಬರುತ್ತವೆ. ಬೇರು ಕತ್ತರಿಸಿ ತಿಂಗಳಾಗದ ಗಿಡಕ್ಕೂ, ಡಿಸೆಂಬರ್–ಜನವರಿಯಲ್ಲೂ ಬೇಡ. ವಾಸನೆ ಮಾತ್ರ ಜೋರು, ಅಕ್ಕಪಕ್ಕದವರು ಬಟ್ಟೆ ಒಣಹಾಕಿದ ದಿನ ಬಿಟ್ಟು ಹಾಕಿ.

## ಕತ್ತರಿ, ತಂತಿ, ರೋಗ

ಕುಂಡ ಬದಲಿಸೋದು ಯಾವಾಗ? ಹೇಗೆ?

ಆಲದ ಜಾತಿಗೆ ರೋಹಿಣಿ ಮಳೆಯಿಂದ ಆರಿದ್ರಾ ಮಳೆಯೊಳಗೆ, ಅಂದರೆ ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ. ಗಾಳಿಯಲ್ಲಿ ತೇವ ಇರುವುದರಿಂದ ಬೇರು ಕಡಿಮೆಯಾದರೂ ಎಲೆ ಬಾಡದು. ದಾಳಿಂಬೆಗೆ ಜನವರಿ–ಫೆಬ್ರವರಿ, ಕಾಗದದ ಹೂವಿಗೆ ಒಂದು ಸುತ್ತು ಹೂ ಮುಗಿದ ಮೇಲೆ.

ಹಿಂದಿನ ದಿನ ನೀರು ನಿಲ್ಲಿಸಿ. ಗಿಡ ಹೊರತೆಗೆದು ಬಿದಿರು ಕಡ್ಡಿಯಿಂದ ಅಂಚಿನಿಂದ ಒಳಕ್ಕೆ ಬೇರು ಬಿಡಿಸಿ. ಕೆಳಮುಖವಾದ ದಪ್ಪ ಬೇರು, ಸುತ್ತಿಕೊಂಡ ಬೇರು ಕತ್ತರಿಸಿ. ಒಟ್ಟು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಬುಡದ ಕೆಳಗೆ ಒಂದು ಹಂಚಿನ ತುಂಡು ಇಟ್ಟು ಅದರ ಮೇಲೆ ಬೇರನ್ನು ಸುತ್ತಲೂ ಹರಡಿ. ಹಂಚು ಅಡ್ಡ ಇರುವುದರಿಂದ ಬೇರು ಕೆಳಗಿಳಿಯದೆ ಪಕ್ಕಕ್ಕೆ ದಪ್ಪವಾಗುತ್ತದೆ. ಗಿಡವನ್ನು ತಂತಿಯಿಂದ ಕುಂಡಕ್ಕೆ ಬಿಗಿದು, ಒಣ ಮಿಶ್ರಣ ಸುರಿದು, ಕಡ್ಡಿಯಿಂದ ಚುಚ್ಚುತ್ತ ಪೊಳ್ಳು ತುಂಬಿ. ಗಿಡ ಅಲುಗಿದರೆ ಹೊಸ ಬೇರಿನ ತುದಿ ಮುರಿಯುತ್ತದೆ. ಹೊಸ ಗಿಡ ಸಾಯುವುದು ಬಹಳ ಸಲ ಈ ಸಡಿಲಿನಿಂದ, ಜನ ದೂರುವುದು ನೀರನ್ನು. ಮೂರು ವಾರ ನೆರಳು.

ತಂತಿ ಯಾವ ದಪ್ಪದ್ದು? ಎಷ್ಟು ದಿನ ಬಿಡಬೇಕು?

ಕೊಂಬೆ ದಪ್ಪದ ಮೂರರಲ್ಲಿ ಒಂದು ಪಾಲು. ಒಂದೂವರೆ ಮತ್ತು ಮೂರು ಮಿಲಿಮೀಟರ್, ಎರಡೇ ಗಾತ್ರದಿಂದ ವರ್ಷ ಕಳೆಯಬಹುದು. ಗುಜರಿಯಲ್ಲಿ ಹಳೆ ಮನೆ ವೈರಿಂಗಿನ ಒಂಟಿ ಎಳೆ ತಾಮ್ರ ಸಿಕ್ಕರೆ ಬಿಡಬೇಡಿ; ಮೇಲಿನ ಪ್ಲಾಸ್ಟಿಕ್ ಸುಡಬೇಡಿ, ಬ್ಲೇಡಿನಿಂದ ಸುಲಿಯಿರಿ. ಓರೆಯಾಗಿ, ನಲವತ್ತೈದು ಡಿಗ್ರಿಗೆ ಸುತ್ತಿ. ಮಳೆಗಾಲದಲ್ಲಿ ಫೈಕಸ್ ಕೊಂಬೆ ಬೇಗ ಉಬ್ಬುವುದರಿಂದ ನಾಲ್ಕನೇ ವಾರದಿಂದ ದಿನಾ ನೋಡಿ. ತಂತಿ ತೊಗಟೆಗೆ ಇಳಿಯುವ ಮುಂಚೆ ಸುತ್ತು ಬಿಚ್ಚದೆ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ಕಾಗದದ ಹೂವಿನ ಬಲಿತ ಕೊಂಬೆ ಟಪ್ ಎಂದು ಮುರಿಯುತ್ತದೆ, ಅದಕ್ಕೆ ಹಸಿರು ಚಿಗುರಿದ್ದಾಗಲೇ ಸುತ್ತಬೇಕು. ತಂತಿಯೇ ಇಲ್ಲವೇ? ಕೊಂಬೆಗೆ ದಾರ ಕಟ್ಟಿ ಕುಂಡದ ಅಂಚಿಗೆ ಎಳೆಯಿರಿ.

ಮೂರು ವರ್ಷ ಆಯ್ತು, ಕಾಂಡ ದಪ್ಪ ಆಗ್ತಾನೇ ಇಲ್ಲ.

ಚಿಕ್ಕ ಕುಂಡದಲ್ಲಿ ಪದೇ ಪದೇ ಸವರುತ್ತಿದ್ದೀರಿ. ಕಾಂಡ ದಪ್ಪಗಾಗುವುದು ಎಲೆಯಿಂದ. ಹಿತ್ತಲಿದ್ದರೆ ನೆಲದಲ್ಲಿ, ಇಲ್ಲವಾದರೆ ಕ್ರೇಟಿನಲ್ಲಿ ನೆಟ್ಟು ಎರಡು ಮಳೆಗಾಲ ಕತ್ತರಿ ಮುಟ್ಟಬೇಡಿ. ಕೆಳಗಿನ ಒಂದು ಕೊಂಬೆಯನ್ನು ಆರಡಿ ಬೇಕಾದರೂ ಓಡಲು ಬಿಡಿ. ಬುಡ ದಪ್ಪಗಾದ ಮೇಲೆ ಅದನ್ನು ತೆಗೆದುಹಾಕುವುದೇ. ಆಮೇಲೆ ಮೃಗಶಿರಾ ಮಳೆಯಲ್ಲಿ, ನಿಮಗೆ ಬೇಕಾದ ಎತ್ತರದ ಮೂರರಲ್ಲಿ ಒಂದು ಪಾಲಿಗೆ ಕಾಂಡ ಮೊಟಕು ಮಾಡಿ. ಹೊಸ ಚಿಗುರಿನಲ್ಲಿ ಒಂದನ್ನು ತುದಿಯಾಗಿ ಬೆಳೆಸಿದರೆ ಬುಡ ದಪ್ಪ, ಮೇಲೆ ಸಣ್ಣ ಎಂಬ ಮರದ ಕಳೆ ಬರುತ್ತದೆ.

ಎಲೆ ಮಡಚಿಕೊಂಡಿದೆ, ಇನ್ನೊಂದಕ್ಕೆ ಬಿಳಿ ಹತ್ತಿ ಅಂಟಿದೆ. ಯಾವ ಔಷಧಿ?

ಫೈಕಸ್ ಎಲೆ ಮಡಚಿ ಒಳಗೆ ಕಪ್ಪು ಹುಳ ಕಂಡರೆ ಅದು ಥ್ರಿಪ್ಸ್; ಎಣ್ಣೆ ಒಳಗೆ ಹೋಗದು, ಆ ಎಲೆಗಳನ್ನೇ ಕಿತ್ತು ಸುಡಿ. ಬಿಳಿ ಹತ್ತಿಯದು ಹಿಟ್ಟು ತಿಗಣೆ. ಹಳೆ ಬ್ರಷ್ಷಿನಿಂದ ಉಜ್ಜಿ, ಲೀಟರ್ ನೀರಿಗೆ ಐದು ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ಸೋಪು ಕಲಸಿ ಸಂಜೆ ಹೊಡೆಯಿರಿ, ವಾರಕ್ಕೊಮ್ಮೆ ಮೂರು ಸಲ. ತಿಗಣೆಯನ್ನು ಗಿಡದಿಂದ ಗಿಡಕ್ಕೆ ಹೊರುವ ಇರುವೆಯನ್ನು ತಡೆಯದಿದ್ದರೆ ಮತ್ತೆ ಬರುತ್ತದೆ.

## ಕೈ ಪಳಗಿದ ಮೇಲೆ

ದಪ್ಪ ಕಾಂಡದ ಗಿಡ ಬೇಗ ಬೇಕು, ದುಡ್ಡಿಲ್ಲ. ದಾರಿ ಇದೆಯಾ?

ಎರಡು ದಾರಿ. ಮೊದಲನೆಯದು ಗೂಟಿ, ಅಂದರೆ ಕೊಂಬೆ ಮರದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು. ದೊಡ್ಡ ಮರದಲ್ಲಿ ಚೆನ್ನಾಗಿ ಬಾಗಿದ, ಒಂದೂವರೆ ಇಂಚು ದಪ್ಪದ ಕೊಂಬೆ ಆರಿಸಿ. ಮೃಗಶಿರಾ ಮಳೆಯಲ್ಲಿ ಕೊಂಬೆ ದಪ್ಪದ ಒಂದೂವರೆ ಪಟ್ಟು ಅಗಲಕ್ಕೆ ತೊಗಟೆಯನ್ನು ಉಂಗುರದಂತೆ ಸುಲಿದು, ಒಳಗಿನ ಜಾರುವ ಪದರವನ್ನೂ ಕೆರೆಯಿರಿ. ಅದು ಉಳಿದರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರದು. ಹಾಲು ಒಸರುವುದು ನಿಂತ ಮೇಲೆ ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ಮುಷ್ಟಿ ತುಂಬ ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿಯಿರಿ. ಆರರಿಂದ ಎಂಟು ವಾರಕ್ಕೆ ಬೇರು ಕಾಣುತ್ತದೆ. ಬಿಳಿ ಬೇರು ಕಂದಾಗುವವರೆಗೆ ಕಾದು ಕೆಳಗೆ ಕತ್ತರಿಸಿ.

ಎರಡನೆಯದು ಬೆಸುಗೆ, ಅಂದರೆ ಹಲವು ಸಸಿ ಕೂಡಿ ಒಂದೇ ಕಾಂಡವಾಗುವುದು. ಬಸರಿ ಅಥವಾ ಫೈಕಸಿನ ಏಳೆಂಟು ಪೆನ್ಸಿಲ್ ದಪ್ಪದ ಸಸಿಗಳನ್ನು ಒಟ್ಟು ಮಾಡಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬುಡದಿಂದ ಒಂದಡಿವರೆಗೆ ಬಿಗಿಯಾಗಿ ಸುತ್ತಿ ನೆಡಿ. ಒಂದೇ ಮರದಿಂದ ತೆಗೆದ ಕಡ್ಡಿಗಳಾದರೆ ತೊಗಟೆಯ ಬಣ್ಣ, ಎಲೆ ಹೊಂದುತ್ತವೆ. ಬೇರೆ ಬೇರೆ ಬೀಜದ ಸಸಿಗಳಾದರೆ ಒಂದು ಪಕ್ಕ ಮೊದಲು ಚಿಗುರಿ ಇನ್ನೊಂದು ಬೋಳಾಗಿ ಗುಟ್ಟು ರಟ್ಟಾಗುತ್ತದೆ. ಮಳೆಗಾಲದ ಕೊನೆಗೆ ಪಟ್ಟಿ ಬಿಚ್ಚಿ ನೋಡಿ, ಸಂದಿ ಉಳಿದಿದ್ದರೆ ಮತ್ತೆ ಸುತ್ತಿ.

ಕೋಟೆಲಿ ಇರೋ ಥರ ಬಂಡೆ ತಬ್ಬಿದ ಬೇರು ಬರಿಸೋದು ಹೇಗೆ?

ಹೋಟೆಲಿನವರ 15 ಕೆಜಿ ಎಣ್ಣೆ ಡಬ್ಬ ಇದಕ್ಕೆಂದೇ ಹುಟ್ಟಿದ್ದು. ಮೊದಲು ಸಸಿಯನ್ನು ಅದರಲ್ಲಿ ಮರಳು ಹೆಚ್ಚಿರುವ ಮಿಶ್ರಣದಲ್ಲಿ ಒಂದು ವರ್ಷ ಬೆಳೆಸಿ, ಬೇರು ಉದ್ದ ಇಳಿಯಲಿ. ಕ್ವಾರಿಯ ಒರಟು ಕಲ್ಲು, ಸೀಳು ಇರುವುದು, ಆರಿಸಿ. ನುಣುಪು ಹೊಳೆಗಲ್ಲಿಗೆ ಬೇರು ಹಿಡಿಯದು. ಮಳೆಗಾಲದ ಶುರುವಿಗೆ ಬೇರು ತೊಳೆದು, ಕಲ್ಲಿನ ಮೇಲೆ ಬುಡ ಕೂರಿಸಿ, ನಾಲ್ಕೈದು ಬೇರನ್ನು ಸೀಳುಗಳಲ್ಲಿ ಇಳಿಬಿಡಿ. ಅಡ್ಡಾದಿಡ್ಡಿ ದಾಟಿದ ಬೇರು ತೆಗೆಯಿರಿ. ಕಲ್ಲಿಗೂ ಬೇರಿಗೂ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಕಲ್ಲು ಸಮೇತ ಡಬ್ಬದಲ್ಲಿ ಹೂಳಿ. ಮುಂದಿನ ಮಳೆಗಾಲದಿಂದ ಎರಡು ತಿಂಗಳಿಗೊಮ್ಮೆ ಡಬ್ಬದ ಅಂಚನ್ನು ಒಂದು ಇಂಚು ಕತ್ತರಿಸಿ ಮಣ್ಣು ಇಳಿಸುತ್ತ ಬನ್ನಿ. ಮೇಲಿನ ಬೇರಿಗೆ ಬಿಸಿಲು ತಾಗಿ ತೊಗಟೆ ಗಟ್ಟಿಯಾಗುತ್ತದೆ, ಕೆಳಗಿನದು ನೀರು ಹುಡುಕಿ ಇಳಿಯುತ್ತದೆ. ಒಮ್ಮೆಲೇ ಅಗೆದು ತೆಗೆದರೆ ಎಳೆಬೇರು ನಮ್ಮ ಬಿಸಿಲಿಗೆ ಎರಡೇ ದಿನದಲ್ಲಿ ಒಣಗುತ್ತದೆ.

ಎಲೆ ಸಣ್ಣ ಮಾಡೋಕೆ ಪೂರ್ತಿ ಎಲೆ ಕಿತ್ತುಹಾಕ್ತಾರಂತೆ. ಮಾಡಬಹುದಾ?

ಆಲದ ಜಾತಿಯಲ್ಲಿ, ಕಾಂಡ ಕೊಂಬೆ ಎಲ್ಲಾ ತಯಾರಾದ, ಪೂರ್ತಿ ಆರೋಗ್ಯವಿರುವ ಗಿಡಕ್ಕೆ ಮಾತ್ರ, ಫೆಬ್ರವರಿ–ಮಾರ್ಚಿನಲ್ಲಿ ವರ್ಷಕ್ಕೊಮ್ಮೆ. ಕೀಳಬೇಡಿ, ತೊಟ್ಟು ಉಳಿಸಿ ಕತ್ತರಿಸಿ. ತೊಟ್ಟಿನ ಬುಡದಲ್ಲೇ ಮುಂದಿನ ಮೊಗ್ಗಿದೆ. ಎಲೆ ಇಲ್ಲದ ಗಿಡ ನೀರು ಕಡಿಮೆ ಕುಡಿಯುವುದರಿಂದ ಚಿಗುರುವವರೆಗೆ ಅರ್ಧ ನೀರು ಸಾಕು. ಅದೇ ವರ್ಷ ಬೇರು ಕತ್ತರಿಸುವುದು ಬೇಡ. ಇನ್ನೂ ಕಾಂಡ ದಪ್ಪ ಮಾಡುತ್ತಿರುವ ಗಿಡಕ್ಕೆ ಇದನ್ನು ಮಾಡಿದರೆ ಒಂದು ವರ್ಷದ ಬೆಳವಣಿಗೆ ಹೋಯಿತು.

ಸಿಮೆಂಟ್ ಕುಂಡ ನಾವೇ ಎರೆದುಕೊಳ್ಳಬಹುದಾ?

ಒಂದರೊಳಗೊಂದು ಒಂದು ಇಂಚು ಸಂದಿ ಬಿಟ್ಟು ಕೂರುವ ಎರಡು ಪ್ಲಾಸ್ಟಿಕ್ ಬೇಸಿನ್ ತೆಗೆದುಕೊಳ್ಳಿ, ಸಂದಿಗೆ ತಾಗುವ ಮೈಗೆ ಹಳೆ ಎಣ್ಣೆ ಸವರಿ. ಸಿಮೆಂಟ್ ಒಂದು ಪಾಲು, ಎಂ–ಸ್ಯಾಂಡ್ ಎರಡು ಪಾಲು, ಉಂಡೆ ಕಟ್ಟುವಷ್ಟೇ ನೀರು. ತಳದಲ್ಲಿ ಕೋಳಿಜಾಲರಿ ತುಂಡು, ತೂತಿಗೆ ಒಂದು ಇಂಚಿನ ಪಿವಿಸಿ ಪೈಪ್ ತುಂಡುಗಳು. ಮಾರನೇ ದಿನ ಬಿಡಿಸಿ ಏಳು ದಿನ ನೀರುಣಿಸಿ. ಆಮೇಲೆ ಇನ್ನೆರಡು ವಾರ ನೀರಿನಲ್ಲಿ ಮುಳುಗಿಸಿಟ್ಟು ಮೂರು ದಿನಕ್ಕೊಮ್ಮೆ ನೀರು ಬದಲಿಸಿ; ಹೊಸ ಸಿಮೆಂಟಿನ ಸುಣ್ಣ ಬಿಡದಿದ್ದರೆ ಬೋರ್ ನೀರಿನ ಹಳದಿ ಎಲೆಯೇ ಇಲ್ಲೂ ಕಾಣುತ್ತದೆ.